ಓದುಗರೊಂದಿಗೆ: ಸಾರಿಗೆ ಟಮಾಟ ಹಾಕದ ತಿಂಗಳು

ಈ ಸಲದ ಕಾಗದಗಳನ್ನು ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಕರೆಂಟ್ ಹೋಗಿತ್ತು. ಎದುರಿಗೆ ಅಂತರಗಂಗೆ ಬೆಟ್ಟ ಕಪ್ಪಾಗುವ ತನಕ ಬೆಳಕಿತ್ತು, ಅಷ್ಟರಲ್ಲಿ ಮುಗಿಸಿದೆ. ನಾನು ಕಥೆ ಬರೆಯುವವಳು, ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಅದಕ್ಕೇ ಹೆಚ್ಚಿನವು ಬರವಣಿಗೆ ಮತ್ತು ಕಾಲೇಜು ಪಾಠದ ಬಗ್ಗೆಯೇ ಇವೆ. ಏಳನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ಮೂವರು ಕೇಳಿದ್ದಾರೆ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಮ್ಮ ಮನೆಯಲ್ಲಿ ತೆಲುಗು ಮಾತಾಡ್ತೀವಿ. ಓದಿದ್ದೆಲ್ಲ ಕನ್ನಡದಲ್ಲಿ. ನನಗೆ ಕಥೆ ಬರೆಯೋ ಆಸೆ. ಆದರೆ ಮಾತಿನ ಮಧ್ಯೆ ತೆಲುಗು ಬಂದುಬಿಡುತ್ತೆ, ಬೆಂಗಳೂರಿಂದ ಬಂದ ಸಹಪಾಠಿಗಳು ನಗ್ತಾರೆ. ನನ್ನಂಥವಳು ಕನ್ನಡದಲ್ಲಿ ಬರೆಯಬಹುದಾ?
ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ, ಶ್ರೀನಿವಾಸಪುರ

ನೀನು ನನ್ನ ವಿದ್ಯಾರ್ಥಿನಿಯರ ವಯಸ್ಸಿನವಳು, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ನಮ್ಮ ಮನೆಯಲ್ಲೂ ತೆಲುಗೇ ಕಣಮ್ಮ. ನಮ್ಮೂರು ನಿಮ್ಮ ಶ್ರೀನಿವಾಸಪುರದಿಂದ ಹೆಚ್ಚು ದೂರ ಇಲ್ಲ. ಅಜ್ಜಿಯನ್ನು ಅವ್ವ ಅಂತಿದ್ದೆವು. ಮನೆಗಿಂತ ದೊಡ್ಡದಾಗಿತ್ತು ನಮ್ಮ ಹುಳದ ಮನೆ. ರೇಷ್ಮೆ ಹುಳ ಬೆಳೆಯುವ ಆ ಇಪ್ಪತ್ತೈದು ದಿನ ಸೊಳ್ಳೆಬತ್ತಿ ಹಚ್ಚುವ ಹಾಗಿಲ್ಲ, ಹೊರಗಿನವರು ಬಾಗಿಲು ದಾಟುವ ಹಾಗಿಲ್ಲ. ನಾವು ಮಕ್ಕಳು ಜಗುಲಿಯಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಮಲಗುತ್ತಿದ್ದೆವು.

ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ, ನಿನಗೂ ಗೊತ್ತಿರುತ್ತದೆ. ಜ್ವರಕ್ಕೆ ಕೂತ ಹುಳ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಹಿಪ್ಪುನೇರಳೆ ಸೊಪ್ಪು ಹಾಕಿದರೂ ಮುಟ್ಟುವುದಿಲ್ಲ. ಆಮೇಲೆ ಒಂದು ಬೆಳಗಿನ ಜಾವ ಅವ್ವ ದೀಪ ಹಿಡಿದು ಒಳಗೆ ಹೋಗಿ ಬಂದು "ಪುರುಗುಲು ಲೇಸಿನಾಯಿ" ಅಂತಿದ್ದಳು. ಹುಳ ಎದ್ದವು. ಅಷ್ಟು ಹೇಳಿದರೆ ಸಾಕು, ಮನೆಯವರೆಲ್ಲ ಎದ್ದು ಸೊಪ್ಪು ಕೊಯ್ಯಲು ಹೋಗುತ್ತಿದ್ದರು. ನಾಲ್ಕನೇ ಜ್ವರ ಎದ್ದ ಮೇಲಂತೂ ಹಗಲು ರಾತ್ರಿ ಸೊಪ್ಪು. ಹುಳ ತನ್ನ ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗೂ ಜಾಸ್ತಿ ಆ ಕೊನೆಯ ಏಳೆಂಟು ದಿನದಲ್ಲೇ ತಿನ್ನುತ್ತದೆ. ಕಣ್ಣು ಮುಚ್ಚಿ ಮಲಗಿದರೆ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಸದ್ದು.

ನಾನು ಬರೆದ ಮೊದಲ ಕಥೆ ಈ ಹುಳದ ಮನೆಯದ್ದು. ಆಗ ನನಗೆ ಹತ್ತೊಂಬತ್ತು. ಅದರಲ್ಲಿ "ರೇಷ್ಮೆ ಹುಳುಗಳು ನಿದ್ರಾವಸ್ಥೆಯಿಂದ ಹೊರಬಂದವು" ಅಂತ ಬರೆದಿದ್ದೆ. ಅವ್ವನಿಗೆ ಓದು ಬರುತ್ತಿರಲಿಲ್ಲ, ಕನ್ನಡ ಕೇಳಿದರೆ ಅರ್ಥ ಆಗುತ್ತಿತ್ತು. ಓದಿ ಹೇಳಿದೆ. ಆ ಸಾಲಿಗೆ ಬಂದಾಗ ನನ್ನ ಕೈ ಹಿಡಿದು "ವಾಟಿಕಿ ಏಮಿ ರೋಗಂ?" ಅಂದಳು. ಅವಕ್ಕೆ ಏನು ರೋಗ ಅಂತ. ಐವತ್ತು ವರ್ಷ ಹುಳ ಸಾಕಿದವಳಿಗೆ ನನ್ನ ಸಾಲಿನಲ್ಲಿ ಹುಳ ಕಾಣಲಿಲ್ಲ. ಆ ಸಾಲು ಹೊಡೆದು "ಹುಳ ಎದ್ದವು" ಅಂತ ಬರೆದೆ. ಆಗ ಹೊಳೆಯಿತು, ನಮ್ಮ ಪಕ್ಕದೂರಿನ ಕನ್ನಡದ ಮನೆಗಳಲ್ಲೂ ಹಾಗೇ ಅಂತಾರೆ. ಹುಳ ಏಳುವುದು ಎರಡು ಭಾಷೆಯಲ್ಲೂ ಒಂದೇ.

ನಮ್ಮ ಜಿಲ್ಲೆ ಇರುವುದೇ ಹೀಗೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. 1983ರ ಜ್ಞಾನಪೀಠ ಬಂದದ್ದು ಅವರ ಕನ್ನಡ ಕಾದಂಬರಿಗೆ. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ. ಇನ್ನು ನಿನ್ನ ತೆಲುಗು ಯಾಕೆ ಅಡ್ಡಿಯಾಗುತ್ತದೆ ಹೇಳು?

ನಾನು ಮಾಡುವ ಕೆಲಸ ಹೇಳುತ್ತೇನೆ, ನೀನೂ ಮಾಡಿ ನೋಡು. ಮೊದಲ ಸಲ ಬರೆಯುವಾಗ ಯಾರು ಯಾವ ಭಾಷೆಯಲ್ಲಿ ಮಾತಾಡಿದರೋ ಅದೇ ಭಾಷೆಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಬಿಡು. ತಡೆಯಬೇಡ. ಎರಡು ದಿನ ಬಿಟ್ಟು ಓದು. ಮುಂದಿನ ಸಾಲು ನೋಡಿದರೆ ಅರ್ಥವಾಗುವ ತೆಲುಗು ಮಾತನ್ನು ಹಾಗೇ ಉಳಿಸು. ಬಾಕಿಯದನ್ನು ಕನ್ನಡ ಮಾಡು. ಹತ್ತು ಪುಟದ ಕಥೆಯಲ್ಲಿ ನಾಲ್ಕೈದು ಮಾತು ಉಳಿಯುತ್ತವೆ, ಅಷ್ಟು ಸಾಕು. ನಗುವವರಿಗೆ ಆ ಕಥೆಯನ್ನೇ ಓದಲು ಕೊಡು.

ಪ್ರಶ್ನೆ: ನೀವು ದಿನಾ ಎಷ್ಟು ಹೊತ್ತು ಬರೀತೀರಿ? ಪಾಠ ಮಾಡಿ ಬಂದು ಸುಸ್ತಾಗಲ್ವಾ?
ಬ್ಯಾಂಕ್ ಉದ್ಯೋಗಿ, ಕೋಲಾರ

ದಿನಾ ಬರೆಯಲು ಆಗುವುದಿಲ್ಲ. ವಾರಕ್ಕೆ ನಾಲ್ಕು ದಿನ, ಬೆಳಗ್ಗೆ ಐದರಿಂದ ಆರೂವರೆ. ನಲ್ಲಿ ನೀರು ಬಿಡುವ ದಿನ ಅದೂ ಇಲ್ಲ. ಡ್ರಮ್ಮು, ಬಿಂದಿಗೆ, ಬಕೆಟ್ಟು ತುಂಬಿಸುವುದರಲ್ಲೇ ಏಳಾಗುತ್ತದೆ. ಆರೂವರೆಗೆ ಪೆನ್ನು ಮುಚ್ಚಿದರೆ ಎಂಟೂಕಾಲರ ಹೊತ್ತಿಗೆ ಅಮ್ಮನಿಗೆ ಮುದ್ದೆ ಮಾಡಿಟ್ಟು ಬಸ್‌ಸ್ಟಾಂಡ್‌ನಲ್ಲಿ ಇರುತ್ತೇನೆ.

ನನ್ನ ಬರವಣಿಗೆ ತರಗತಿಯಲ್ಲಿ 48 ಮಕ್ಕಳಿದ್ದಾರೆ. ಎಲ್ಲರಿಗೂ ಒಂದೊಂದು ನೂರು ಪುಟದ ನೋಟ್‌ಬುಕ್. ಒಂದಕ್ಕೆ ಏಳೆಂಟು ನಿಮಿಷ ಅಂದರೂ ಆರು ಗಂಟೆ ಹಿಡಿಯುತ್ತದೆ. ಶನಿವಾರ ಸಂಜೆ, ಭಾನುವಾರ ಬೆಳಗ್ಗೆ ಅದಕ್ಕೇ ಹೋಗುತ್ತವೆ. ಸುಸ್ತು ಆಗುತ್ತದೆ, ಇಲ್ಲ ಅನ್ನಲ್ಲ. ಆದರೆ ನೋಟ್‌ಬುಕ್ ಓದಿ ಮಲಗಿದ ಮಾರನೆಯ ದಿನ ನನ್ನ ಬರವಣಿಗೆ ಹದವಾಗಿ ಬರುತ್ತದೆ, ಇದನ್ನು ಎಷ್ಟೋ ಸಲ ಗಮನಿಸಿದ್ದೇನೆ. ಹೋದ ತಿಂಗಳು "ನಿಮ್ಮ ಮನೆಯಲ್ಲಿ ದುಡ್ಡು ಎಲ್ಲಿಡ್ತಾರೆ?" ಅಂತ ಬರೆಯಲು ಕೊಟ್ಟಿದ್ದೆ. ಒಬ್ಬ ಹುಡುಗಿ ಬರೆದಿದ್ದಳು: "ಅಮ್ಮ ಸಾಸಿವೆ ಡಬ್ಬಿಯಲ್ಲಿ ಇಡುತ್ತಾಳೆ. ಅದಕ್ಕೆ ನಮ್ಮ ಮನೆಯ ನೋಟು ಅಂಗಡಿಯಲ್ಲಿ ಕೊಟ್ಟರೆ ಒಂದೆರಡು ಸಾಸಿವೆ ಬೀಳುತ್ತವೆ." ಇಂಥ ಸಾಲು ಓದಿದ ಮೇಲೆ ಸುಮ್ನೆ ಮಲಗಲು ಮನಸ್ಸಾಗುವುದಿಲ್ಲ.

ಪ್ರಶ್ನೆ: ನಾನೂ ಕನ್ನಡ ಮೇಷ್ಟ್ರು. ಈಗ ಏನು ಬರೆಯಲು ಕೊಟ್ಟರೂ ಮಕ್ಕಳು ಫೋನಿನ ಎಐಗೆ ಹೇಳಿ ಬರೆಸಿಕೊಂಡು ಬರುತ್ತಾರೆ. ಕನ್ನಡದಲ್ಲೂ ಚೆನ್ನಾಗಿಯೇ ಬರೆದುಕೊಡುತ್ತದೆ. ಹೇಗೆ ಹಿಡಿಯುವುದು? ನೀವೇನು ಮಾಡುತ್ತೀರಿ?
ಉಪನ್ಯಾಸಕರು, ಚಿಂತಾಮಣಿ

ಸರ್, ನನ್ನ ಕ್ಲಾಸಿನಲ್ಲೂ ಇದೆ. ಒಂದು ಸಲ ಆದದ್ದು ಹೇಳುತ್ತೇನೆ.

"ನಮ್ಮ ಹೊಲ" ಅಂತ ಒಂದೂವರೆ ಪುಟ ಬರೆದು ತನ್ನಿ ಅಂದಿದ್ದೆ. ಟೇಕಲ್ ಕಡೆಯ ಹುಡುಗನೊಬ್ಬ ತಂದ. ಒಂದೇ ಒಂದು ತಪ್ಪಿಲ್ಲ. "ಅನ್ನದಾತನ ಬೆವರ ಹನಿಗಳು ಭೂತಾಯಿಯ ಒಡಲನ್ನು ತಂಪಾಗಿಸುತ್ತವೆ" ಅಂತ ಶುರುವಾಗಿತ್ತು. ಮುಂದೆ ಬಂಗಾರದ ತೆನೆಗಳು ಗಾಳಿಗೆ ತೂಗುತ್ತಿದ್ದವು. ಅವರ ಹೊಲದಲ್ಲಿ ತೆನೆಯೇ ಇಲ್ಲ ಅಂತ ನನಗೆ ಗೊತ್ತಿತ್ತು. ಅವರದ್ದು ಒಂದೂವರೆ ಎಕರೆ ಟಮಾಟ ತೋಟ.

ಬೈಯಲಿಲ್ಲ. ಕ್ಲಾಸ್ ಮುಗಿದ ಮೇಲೆ ವರಾಂಡದ ಕಟ್ಟೆ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. "2023ರಲ್ಲಿ ರೇಟು ಏರಿತಲ್ಲ, ಆವಾಗ ನಿಮ್ಮದು ಕೊಯ್ಲಿಗೆ ಬಂದಿತ್ತಾ?"

ಹುಡುಗನ ಮುಖ ಬದಲಾಯಿತು. "ಬಂದಿತ್ತು ಮೇಡಂ. ಜುಲೈನಲ್ಲಿ ಕೀಳ್ತಿದ್ವಿ. ಬಾಕ್ಸು ಎರಡು ಸಾವಿರ ದಾಟಿತ್ತು. ನಾನೂ ಅಪ್ಪನೂ ತೋಟದಲ್ಲೇ ಮಲಗ್ತಿದ್ವಿ, ಕಳ್ಳರು ಬರ್ತಾರೆ ಅಂತ."

ನಮ್ಮ ಕಡೆಯ ಓದುಗರಿಗೆ ಹೇಳಬೇಕಿಲ್ಲ, ಬೇರೆ ಕಡೆಯವರಿಗೆ ಹೇಳುತ್ತೇನೆ. ಬಾಕ್ಸ್ ಅಂದರೆ ಕೋಲಾರದ ಮಂಡಿಯಲ್ಲಿ ಹರಾಜಾಗುವ 15 ಕೆ.ಜಿ.ಯ ಪ್ಲಾಸ್ಟಿಕ್ ಕ್ರೇಟ್. ಎಷ್ಟೋ ಸಲ ಅದು ನೂರು ರೂಪಾಯಿಗೂ ಹೋಗದೆ ರಸ್ತೆಗೆ ಸುರಿದದ್ದನ್ನು ಕಂಡವರು ನಾವು.

"ಮನೆಯಲ್ಲಿ ಅಡುಗೆ?" ಅಂದೆ.

"ಅಮ್ಮ ಆ ತಿಂಗಳು ಸಾರಿಗೆ ಟಮಾಟ ಹಾಕಲಿಲ್ಲ ಮೇಡಂ. ಬರೀ ಹುಣಸೆಹಣ್ಣು. ಒಡೆದ ಹಣ್ಣಿದ್ದರೂ ಹಾಕಲಿಲ್ಲ. ಒಡೆದದ್ದಕ್ಕೂ ರೇಟು ಇತ್ತು."

ಇದನ್ನೇ ಬರಿ ಅಂತ ನನ್ನ ಪೆನ್ನು ಕೊಟ್ಟೆ. ಅಲ್ಲೇ ಕೂತು ಇಪ್ಪತ್ತು ನಿಮಿಷದಲ್ಲಿ ಮುಕ್ಕಾಲು ಪುಟ ಬರೆದ. ಒಂಬತ್ತು ಕಾಗುಣಿತ ತಪ್ಪು. ಕೊನೆಯ ಸಾಲು ನನಗೆ ಬಾಯಿಪಾಠವಾಗಿಬಿಟ್ಟಿದೆ: "ಸೆಪ್ಟೆಂಬರಿನಲ್ಲಿ ರೇಟು ಬಿದ್ದ ಮೇಲೆ ಅಮ್ಮ ದಿನಾ ಟಮಾಟ ಗೊಜ್ಜು ಮಾಡಿದಳು." ಫೋನು ಬರೆದುಕೊಟ್ಟ ಹಾಳೆಯಲ್ಲಿ 'ಟೊಮೆಟೊ' ಅನ್ನುವ ಪದವೂ ಇರಲಿಲ್ಲ, ಟಮಾಟವೂ ಇರಲಿಲ್ಲ. ಮಾರನೆಯ ದಿನ ಅವನ ಒಪ್ಪಿಗೆ ಕೇಳಿ ಕ್ಲಾಸಿನಲ್ಲಿ ಓದಿದೆ. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು "ನಮ್ಮನೇಲೂ ಹಾಗೇ ಮೇಡಂ" ಅಂದಳು.

ನೀವು ಹೇಗೆ ಹಿಡಿಯುವುದು ಅಂತ ಕೇಳಿದ್ದೀರಿ. ಹಿಡಿಯುವ ಕೆಲಸವನ್ನು ನಾನು ಬಿಟ್ಟಿದ್ದೇನೆ ಸರ್. ಪತ್ತೆ ಹಚ್ಚುವ ಆ್ಯಪ್‌ಗಳು ಇವೆ ಅಂತಾರೆ. ಆ್ಯಪ್ ಹೇಳಿತು ಅಂತ ಒಂದು ಮಗುವನ್ನು ಕಳ್ಳ ಅನ್ನಲು ನನಗೆ ಮನಸ್ಸಿಲ್ಲ. ಅದರ ಬದಲು ಮೊದಲ ಕರಡು ಕ್ಲಾಸಿನಲ್ಲೇ, ಕೈಬರಹದಲ್ಲಿ, ಇಪ್ಪತ್ತು ನಿಮಿಷ. ಫೋನು ಬ್ಯಾಗಿನೊಳಗೆ. ಬರೆಯುವ ಮೊದಲು ಪಕ್ಕದವರಿಗೆ ಬಾಯಲ್ಲಿ ಹೇಳಬೇಕು. ಆಂತರಿಕ ಅಂಕಕ್ಕೆ ಮೂರು ಕರಡನ್ನೂ ಪಿನ್ ಹಾಕಿ ಕೊಡಬೇಕು. ಮೂರರಲ್ಲಿ ಏನು ಬದಲಾಯಿತು ಅನ್ನುವುದಕ್ಕೆ ಅರ್ಧದಷ್ಟು ಅಂಕ.

ಪ್ರಶ್ನೆ ಕೊಡುವುದರಲ್ಲೂ ನಮ್ಮ ತಪ್ಪಿದೆ. "ರೈತನ ಬವಣೆ" ಅಂತ ಕೊಟ್ಟರೆ ಫೋನು ಬರೆಯುತ್ತದೆ. "ನಿಮ್ಮ ಮನೆಯ ಬಾಗಿಲಿನ ಚಿಲಕ ಹಾಕುವಾಗ ಯಾವ ಸದ್ದು ಬರುತ್ತದೆ" ಅಂತ ಕೊಟ್ಟು ನೋಡಿ. ಇನ್ನೊಂದು ಮಾತು. ಒಂದನೇ ಕ್ಲಾಸಿನಿಂದ ಪಿಯುಸಿ ತನಕ ಈ ಮಕ್ಕಳಿಗೆ ಪ್ರಬಂಧ ಅಂದರೆ ಗೈಡ್ ನೋಡಿ ಉರು ಹೊಡೆಯುವುದು. ತನ್ನ ಮಾತು ಬರೆದವನಿಗೆ ಅಂಕ ಕಡಿಮೆ, ಗೈಡಿನ ಮಾತು ಬರೆದವನಿಗೆ ಜಾಸ್ತಿ. ಆ ಗೈಡು ಈಗ ಫೋನಿಗೆ ಬಂದಿದೆ, ಅಷ್ಟೇ. ಮಕ್ಕಳಿಗೆ ಸೋಮಾರಿತನಕ್ಕಿಂತ ಹೆದರಿಕೆ ಜಾಸ್ತಿ. ನನ್ನ ಮಾತು ಸಾಲದು ಅನ್ನುವ ಹೆದರಿಕೆ. ಅದನ್ನು ಹೋಗಲಾಡಿಸಲು ಒಂದು ಸೆಮಿಸ್ಟರ್ ಸಾಲುವುದಿಲ್ಲ ಸರ್, ಆದರೂ ಮಾಡಲೇಬೇಕು.

ಪ್ರಶ್ನೆ: ಮಗಳು ಡಿಗ್ರಿ ಮುಗಿಸಿ ಕನ್ನಡ ಎಂ.ಎ. ಮಾಡ್ತೀನಿ, ಬರಹಗಾರ್ತಿ ಆಗ್ತೀನಿ ಅಂತಾಳೆ. ಹೊಟ್ಟೆಪಾಡು ಹೇಗಮ್ಮ? ನಿಜ ಹೇಳಿ.
ಒಬ್ಬ ತಂದೆ, ಮಾಲೂರು

ನಿಜವನ್ನೇ ಹೇಳುತ್ತೇನೆ ಸರ್. ಬರೆಯುವುದರಿಂದಲೇ ಮನೆ ನಡೆಯುವುದಿಲ್ಲ. ನನ್ನ ಕಥಾಸಂಕಲನ 500 ಪ್ರತಿ ಅಚ್ಚಾಯಿತು. ನನಗೆ ಸಿಕ್ಕಿದ್ದು 30 ಪ್ರತಿ, ಆಮೇಲೆ ಒಂದು ಸೀರೆಗಾಗುವಷ್ಟು ದುಡ್ಡು. ಆ ಸೀರೆ ಅಮ್ಮನಿಗೆ ಕೊಡಿಸಿದೆ.

ಪಾಠದ ಕೆಲಸವೂ ಗಟ್ಟಿಯಲ್ಲ. ನಾನು ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕಾಯುವುದು. ವರ್ಷದಲ್ಲಿ ಹತ್ತು ತಿಂಗಳು ಗೌರವಧನ ಬಂದರೆ ದೊಡ್ಡದು, ಅದೂ ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬಂದದ್ದಿದೆ. ರಜೆಯ ಎರಡು ತಿಂಗಳು ಅನುವಾದ, ಪ್ರೂಫ್ ನೋಡುವುದು ಮಾಡಿಕೊಂಡು ದಾಟಿಸುತ್ತೇನೆ. ಡಿಗ್ರಿ ಕಾಲೇಜಿನಲ್ಲಿ ಕಾಯಂ ಕೆಲಸ ಬೇಕಾದರೆ ಎಂ.ಎ.ಯಲ್ಲಿ ಶೇ. 55 ಅಂಕ, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಬೇಕು. ಆಮೇಲೂ ಹುದ್ದೆಗೆ ಅರ್ಜಿ ಕರೆಯುವ ತನಕ ವರ್ಷಗಟ್ಟಲೆ ಕಾಯಬೇಕು. ಬಿ.ಇಡಿ. ಮಾಡಿಕೊಂಡರೆ ಹೈಸ್ಕೂಲಿನ ದಾರಿಯೂ ತೆರೆದಿರುತ್ತದೆ. ನನ್ನನ್ನು ಕೇಳಿದರೆ ಎಂ.ಎ. ಆದ ಕೂಡಲೇ ಅದನ್ನೂ ಮಾಡಿಸಿ.

ನಿಮ್ಮ ಊರಿನ ಮಾಸ್ತಿಯವರು ಸರ್ಕಾರಿ ಅಧಿಕಾರಿಯಾಗಿ ದುಡಿಯುತ್ತಲೇ ಕಥೆ ಬರೆದವರು. ಹೊಟ್ಟೆಪಾಡಿಗೆ ಒಂದು ಕೆಲಸ, ಬರೆಯಲು ಬೆಳಗಿನ ಜಾವ. ಹೀಗೆ ಬದುಕಿದವರೇ ಕನ್ನಡದಲ್ಲಿ ಹೆಚ್ಚು.

ಒಂದು ಕೇಳಲಾ? ಮಗಳು ಬರೆದದ್ದನ್ನು ನೀವು ಓದಿದ್ದೀರಾ? ಎರಡು ಪುಟದ ಕಾಗದದಲ್ಲಿ ಆ ಮಾತೇ ಇಲ್ಲ. ನಮ್ಮಪ್ಪ ನನ್ನ ಕಥೆ ಓದಿದ್ದು ಒಂದೇ ಸಲ. ಓದಿ ಏನೂ ಹೇಳಲಿಲ್ಲ. ಮಾರನೆಯ ದಿನ ಪೇಟೆಯಿಂದ ಬರುವಾಗ ಒಂದು ಟೇಬಲ್ ಲ್ಯಾಂಪ್ ತಂದಿಟ್ಟರು. ಈಗಲೂ ಅದರಡಿಯಲ್ಲೇ ಬರೆಯುತ್ತಿದ್ದೇನೆ.

ಪ್ರಶ್ನೆ: ಅಕಾರ ಹಕಾರದ ತಪ್ಪು, ಮಹಾಪ್ರಾಣದ ತಪ್ಪು ತಿದ್ದುತ್ತೀರಾ, ಇಲ್ಲ ಬಿಟ್ಟುಬಿಡುತ್ತೀರಾ?
ಪ್ರಾಥಮಿಕ ಶಾಲಾ ಶಿಕ್ಷಕಿ, ಗುಡಿಬಂಡೆ

ತಿದ್ದುತ್ತೇನೆ, ಆದರೆ ಎರಡನೇ ಓದಿನಲ್ಲಿ. ಮೊದಲ ಓದಿನಲ್ಲಿ ಕೈಯಲ್ಲಿ ಪೆನ್ನು ಇರುವುದಿಲ್ಲ. "ಅಸು ಆಲು ಕೊಡ್ತು" ಅಂತ ಬರೆದ ಮಗು ಆ ಹಸುವಿನ ಬಗ್ಗೆ ಏನು ಹೇಳಿದೆ ಅಂತ ಮೊದಲು ನೋಡಬೇಕು. ಪಾತ್ರದ ಬಾಯಲ್ಲಿ ಬಂದ ಮಾತಾದರೆ ಮುಟ್ಟುವುದಿಲ್ಲ. ಕೊನೆಯ ಕರಡಿನಲ್ಲಿ ಮಾತ್ರ ಒಂದನ್ನೂ ಬಿಡುವುದಿಲ್ಲ ಟೀಚರ್. ನಾವು ಪ್ರೀತಿಯಿಂದ ಬಿಟ್ಟ ತಪ್ಪಿಗೆ ನಾಳೆ ಇಂಟರ್‌ವ್ಯೂನಲ್ಲಿ ಕೂತವರು ನಗುತ್ತಾರೆ. ಹಳ್ಳಿಯ ಮಕ್ಕಳಿಗೆ ಆ ನಗು ಬೇಡ.

ಪ್ರಶ್ನೆ: ಪತ್ರಿಕೆಗೆ ಕಥೆ ಕಳಿಸಿ ಐದು ತಿಂಗಳಾಯಿತು. ಉತ್ತರವೇ ಇಲ್ಲ. ಏನು ಮಾಡಲಿ?
ಯುವಕ, ಬಾಗೇಪಲ್ಲಿ

ಮೂರು ತಿಂಗಳು ಕಾದರೆ ಸಾಕು, ನೀವು ಆಗಲೇ ಅದಕ್ಕಿಂತ ಹೆಚ್ಚು ಕಾದಿದ್ದೀರಿ. ಈಗ ಒಂದು ಸಲ ವಿಚಾರಿಸಿ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಆ ಕಥೆಯನ್ನು ಅವರಿಂದ ವಾಪಸ್ ತೆಗೆದುಕೊಂಡಿದ್ದೇನೆ ಅಂತ ತಿಳಿಸಿ ಬೇರೆ ಕಡೆ ಕಳಿಸಿ. ಒಂದೇ ಕಥೆ ಏಕಕಾಲಕ್ಕೆ ಎರಡು ಕಡೆ ಬೇಡ. ನಿಮ್ಮ ಹತ್ತಿರ ಒಂದು ಪ್ರತಿ ಇರಲಿ. ಒಂದು ಪತ್ರಿಕೆಯಲ್ಲಿ ನನ್ನ ಕಥೆಯ ಕೊನೆಯ ಪ್ಯಾರಾ ಬಿಟ್ಟುಹೋಗಿ ಅಚ್ಚಾಗಿತ್ತು. ಎರಡು ದಿನ ಊಟ ಸೇರಲಿಲ್ಲ. ನನ್ನ ಹತ್ತಿರ ಪ್ರತಿ ಇದ್ದದ್ದರಿಂದ ಪುಸ್ತಕ ಮಾಡುವಾಗ ಸೇರಿಸಿಕೊಂಡೆ. ಕಾಯುವ ಹೊತ್ತಿನಲ್ಲಿ ಇನ್ನೊಂದು ಕಥೆ ಶುರು ಮಾಡಿದ್ದೀರಿ ಅಲ್ವಾ?

ಪ್ರಶ್ನೆ: ನನಗೆ 58 ವರ್ಷ. ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಎರಡು ಸೀಮೆಹಸು ಇವೆ, ಡೈರಿಗೆ ಹಾಲು ಹಾಕ್ತೀನಿ. ಏನಾದರೂ ಬರೆಯಬೇಕು ಅಂತ ತುಂಬಾ ಆಸೆ. ಎಲ್ಲಿಂದ ಶುರು ಮಾಡಲಿ? ಬುಕ್ಕು ಕೂಡ ಇಲ್ಲ, ಈ ಕಾಗದ ಮೊಮ್ಮಗನ ನೋಟ್‌ಬುಕ್ಕಿನದು.
ಗೃಹಿಣಿ, ಬಂಗಾರಪೇಟೆ ತಾಲ್ಲೂಕು

ಅಮ್ಮ, ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಅಕ್ಷರ ಎಷ್ಟು ದುಂಡಗಿದೆ!

ನಿಮ್ಮ ಹತ್ತಿರ ಬುಕ್ ಇದೆಯಲ್ಲ, ಹಾಲಿನ ಪುಸ್ತಕ. ದಿನಕ್ಕೆರಡು ಸಲ ಅದನ್ನು ಹಿಡಿದುಕೊಂಡೇ ಡೈರಿಗೆ ಹೋಗುತ್ತೀರಿ. ತಾರೀಖು, ಲೀಟರ್, ಫ್ಯಾಟ್ ಅಂದರೆ ಹಾಲಿನ ಕೊಬ್ಬಿನಂಶ ಬರೆದುಕೊಡುತ್ತಾರೆ. ನಮ್ಮಮ್ಮನ ಹತ್ತಿರವೂ ಇತ್ತು. ಫ್ಯಾಟ್ ಮೂರೂವರೆಗಿಂತ ಕೆಳಗೆ ಬಂದ ದಿನ ಅಮ್ಮ ಮನೆಗೆ ಬಂದು ಹಸುವಿನ ಮೈ ಮುಟ್ಟಿ ನೋಡುತ್ತಿದ್ದಳು, ನಿನ್ನೆ ಹಿಂಡಿ ಕಡಿಮೆ ಹಾಕಿದೆವಾ ಅಂತ ಎಲ್ಲರನ್ನೂ ಕೇಳುತ್ತಿದ್ದಳು.

ಈ ಸಂಚಿಕೆಯ ಜೊತೆ ನಿಮಗೊಂದು ಇನ್ನೂರು ಪುಟದ ನೋಟ್‌ಬುಕ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಡೈರಿಯಿಂದ ಬಂದ ಕೂಡಲೇ, ಕೈ ತೊಳೆದು, ಆ ದಿನದ ತಾರೀಖು ಮತ್ತು ಫ್ಯಾಟ್ ಹಾಕಿ. ಅದರ ಕೆಳಗೆ ಅಲ್ಲಿ ಸಾಲಿನಲ್ಲಿ ನಿಂತಾಗ ಕೇಳಿದ ಒಂದು ಮಾತು ಬರೆಯಿರಿ. ಯಾರು ಹೇಳಿದರು, ಕೈಯಲ್ಲಿ ಏನು ಹಿಡಿದಿದ್ದರು, ಅಷ್ಟು. ಎರಡು ಸಾಲು ಬಂದರೆ ಎರಡು, ಪುಟ ಬಂದರೆ ಪುಟ. ಬೆಳಗ್ಗೆ ಆಗದಿದ್ದರೆ ಸಂಜೆ ಹಾಲು ಹಾಕಿ ಬಂದ ಮೇಲೆ ಬರೆಯಿರಿ. ಹಸು ಕರು ಹಾಕಿದ ದಿನ ರಜೆ ತೆಗೆದುಕೊಳ್ಳಿ, ಮಾರನೆಯ ದಿನ ಅದನ್ನೇ ಬರೆಯಿರಿ.

ಒಂದು ತಿಂಗಳಾದ ಮೇಲೆ ಮೊಮ್ಮಗನಿಗೆ ಹೇಳಿ ಆ ಪುಟಗಳ ಫೋಟೋ ತೆಗೆಸಿ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮೊದಲ ಪುಟದಲ್ಲಿ ನಿಮ್ಮ ಎರಡೂ ಹಸುಗಳ ಹೆಸರಿರಲಿ.